ಇಲ್ಲದ ಹೆಸರನ್ನು ಹುಡುಕಿದ ಬೆಳಗ್ಗೆ

ನನ್ನ ಗೆಳೆಯನ ಶ್ರದ್ಧಾಂಜಲಿ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅತ್ತಿಗೆ, ಮಗಳು, ಅಕ್ಕ — ನಿಮಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಅಳು ಬರಬೇಕಿತ್ತು, ಬರುತ್ತಿಲ್ಲ. ಮನಸ್ಸು ಮರಗಟ್ಟಿದೆ. ಮಾತು ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಿ. 'ಅವರು' ಅನ್ನಲು ನಾಲಿಗೆ ಹೊರಳುತ್ತಿಲ್ಲ. ಅವನು ಅಂತಲೇ ಅನ್ನುತ್ತೇನೆ.

ನಾನು ಅವನ ಪಕ್ಕದ ಮೇಜಿನವನು. ಇಬ್ಬರದೂ ಒಂದೇ ಕೆಲಸ — ಈ ಕಚೇರಿಯ ಹಳೇ ವೆಬ್‌ಸೈಟ್ ನೋಡಿಕೊಳ್ಳುವುದು. ರಜೆ ಕೇಳುವುದು, ಯಾರ ಮನೆ ಎಲ್ಲಿ, ಯಾರ ಫೋನ್ ಎಷ್ಟು, ಎಲ್ಲ ಅದರಲ್ಲೇ. ಅದು ಆಗಾಗ ನಿಂತುಬಿಡುವುದು ನಿಮಗೆ ಗೊತ್ತು. ನೀವು ಬೈಯುವುದು ನಮಗೆ ಗೊತ್ತು.

ಮೊನ್ನೆ ಅವನ ಮನೆಗೆ ಹೋದಾಗ ಅವನ ಮಗಳು ಬಾಲ್ಕನಿಗೆ ಕರೆದು ಕೇಳಿದಳು. "ಚಿಕ್ಕಪ್ಪ, ಅಪ್ಪ ಹುಡುಕ್ತಾ ಇದ್ರಲ್ಲ, ಅದು ಸಿಕ್ತಾ? ಆಸ್ಪತ್ರೇಲೂ ಅದೇ ಧ್ಯಾನ ಅವ್ರಿಗೆ." ಉತ್ತರ ಗೊತ್ತಿತ್ತು. ಸಭೆಯಲ್ಲಿ ಹೇಳುತ್ತೇನೆ ಅಂದೆ. ಅದಕ್ಕೇ ನಿಂತಿದ್ದೇನೆ.

ಏನು ಹುಡುಕುತ್ತಿದ್ದ? ವೆಬ್‌ಸೈಟಿಗೆ ಮಾಹಿತಿ, ಅದನ್ನೆಲ್ಲ ಕೂಡಿಟ್ಟಿರುವ ಡೇಟಾಬೇಸಿನಿಂದ ಬರಬೇಕು. ಅದಕ್ಕೆ ಕನೆಕ್ಷನ್ ಬೇಕು. ಕನೆಕ್ಷನ್‌ಗಳು ಇಷ್ಟೇ ಅಂತ ಇರುತ್ತವೆ — ಟೀ ಮೂಲೆಯ ಲೋಟಗಳ ಹಾಗೆ. ಪ್ರತಿ ಪುಟವೂ ಒಂದನ್ನು ತೆಗೆದುಕೊಂಡು, ಕೆಲಸ ಮುಗಿದ ಮೇಲೆ ವಾಪಸ್ ಇಡಬೇಕು. ಯಾವುದೋ ಒಂದು ಪುಟ ಇಡುತ್ತಿರಲಿಲ್ಲ. ಎಲ್ಲವೂ ಹಾಗೆ ಮಾಯವಾದ ದಿನ ವೆಬ್‌ಸೈಟ್ ಗಕ್ಕನೆ ನಿಲ್ಲುತ್ತಿತ್ತು.

ಮ್ಯಾನೇಜರ್ ಸಾಹೇಬರು ಇಲ್ಲೇ ಇದ್ದಾರೆ. "ಕನೆಕ್ಷನ್ ಜಾಸ್ತಿ ಮಾಡ್ರಪ್ಪ, ಮುಗೀತು" ಅನ್ನುತ್ತಿದ್ದರು. ಇವನು ಕೆರಳುತ್ತಿದ್ದ. "ಜಾಸ್ತಿ ಮಾಡಿದ್ರೆ ಕಳ್ಳ ಸಿಗಲ್ಲ ಸಾರ್! ಒಂದೇ ಇಡ್ಬೇಕು, ಒಂದೇ!" ತನ್ನ ಪರೀಕ್ಷೆಯ ಕಂಪ್ಯೂಟರಿನಲ್ಲಿ ಒಂದೇ ಕನೆಕ್ಷನ್ ಇಟ್ಟು, ಪ್ರತಿ ಪುಟವನ್ನೂ ಎರಡೆರಡು ಸಲ ತೆರೆಯುತ್ತಿದ್ದ. ಮೊದಲ ಸಲದ್ದು ವಾಪಸ್ ಬರದಿದ್ದರೆ ಎರಡನೇ ಸಲ ಪುಟ ಬರುವುದಿಲ್ಲ. ನಮಗೆ ಅರ್ಥವಾಗಲಿ ಅಂತ ಟೀ ಮೂಲೆಯಲ್ಲೂ ಒಂದೇ ಲೋಟ ಬಿಟ್ಟ, ಪುಣ್ಯಾತ್ಮ. ಲೋಟ ಕೊಂಡೊಯ್ದು ಮೇಜಿನ ಮೇಲೇ ಮರೆಯುವವರು ಯಾರು ಅಂತ ಮಧ್ಯಾಹ್ನದೊಳಗೆ ಗೊತ್ತಾಯಿತು. ಸಾರ್, ತಲೆ ತಗ್ಗಿಸಬೇಡಿ, ಎಲ್ಲರಿಗೂ ನೆನಪಿದೆ. ಅಂದಿನಿಂದ ಅವನು ಲೋಟದಣ್ಣ.

ಆದರೂ ಆ ಪುಟ ಸಿಗಲಿಲ್ಲ. ವರ್ಷಗಟ್ಟಲೆ. "ಅದು ಇದ್ದೇ ಇದೆ ಕಣೋ" ಅನ್ನುತ್ತಿದ್ದ. ಇವನಿಗೆ ಭ್ರಮೆ ಅಂತ ಕೆಲವರು ಆಡಿಕೊಂಡರು. ಅದು ಅವನಿಗೆ ನಾಟಿತ್ತು. ತುಂಬಾ ನಾಟಿತ್ತು.

ಅವನು ಹೋದ ಬೆಳಗ್ಗೆ — ಕೇಳಿ. ಸುದ್ದಿ ಬಂತು. ಮನೆ ನೋಡದವರಿಗೆ ವಿಳಾಸ ಬೇಕಲ್ಲ? ಒಬ್ಬೊಬ್ಬರೂ ವೆಬ್‌ಸೈಟಿನಲ್ಲಿ ಅವನ ಹೆಸರು ಹಾಕಿ ಹುಡುಕಿದರು. ಸಿಬ್ಬಂದಿ ವಿಭಾಗದವರು ಅಷ್ಟರಲ್ಲೇ ಹೆಸರು ತೆಗೆದಿದ್ದರು. ನಿಯಮ ಹಾಗಿದೆ, ತಪ್ಪು ಅನ್ನುತ್ತಿಲ್ಲ. 'ಈ ಹೆಸರಿನವರು ಇಲ್ಲ' ಅಂತ ಬಂತು. ಮತ್ತೆ ಹುಡುಕಿದರು. ಇಲ್ಲ. ಮತ್ತೆ — ಇಲ್ಲ. ಆಮೇಲೆ ವೆಬ್‌ಸೈಟೇ ನಿಂತಿತು.

ಅಲ್ಲೇ ಇತ್ತು, ಆ ಹೆಸರು ಹುಡುಕುವ ಪುಟದಲ್ಲೇ. ಹೆಸರು ಸಿಕ್ಕರೆ ಆ ಪುಟ ಕನೆಕ್ಷನ್ ವಾಪಸ್ ಇಡುತ್ತಿತ್ತು. ಸಿಗದಿದ್ದರೆ 'ಇಲ್ಲ' ಅಂದು, ಇಡದೆ, ಅರ್ಧದಲ್ಲೇ ಹೊರಟುಬಿಡುತ್ತಿತ್ತು. ಇಲ್ಲದವರನ್ನು ಯಾರು ಹುಡುಕುತ್ತಾರೆ ಹೇಳಿ? ಅಪರೂಪಕ್ಕೊಬ್ಬರು. ಅದಕ್ಕೇ ಇಷ್ಟು ವರ್ಷ ಕೈಗೆ ಸಿಗಲಿಲ್ಲ. ಅವನು ಆ ಪುಟವನ್ನೂ ಎಷ್ಟೋ ಸಲ ಪರೀಕ್ಷೆ ಮಾಡಿದ್ದ. ಆದರೆ ಪ್ರತಿ ಸಲವೂ ತನ್ನದೇ ಹೆಸರು ಹಾಕುತ್ತಿದ್ದ. "ನಾನೆಲ್ಲಿಗೆ ಹೋಗ್ತೀನೋ, ಇಲ್ಲೇ ಬಿದ್ದಿರ್ತೀನಲ್ಲ" ಅಂತ ನಗುತ್ತಿದ್ದ. ಅವನ ಹೆಸರು ಯಾವಾಗಲೂ ಸಿಗುತ್ತಿತ್ತು.

ಈಗ ಸರಿಪಡಿಸಿದ್ದೇವೆ. ಪರೀಕ್ಷೆ ನಾನೇ ಮಾಡಿದೆ, ಒಂದೇ ಕನೆಕ್ಷನ್ ಇಟ್ಟು, ಅವನ ಹಾಗೆ. ಅವನ ಹೆಸರು ಹಾಕಿದೆ. ಇಲ್ಲ ಅಂತ ಬಂತು. ಮತ್ತೆ ಹಾಕಿದೆ. ಇಲ್ಲ. ಎಷ್ಟು ಸಲ ಹಾಕಿದೆನೋ — ಪ್ರತಿ ಸಲವೂ ತಟ್ಟನೆ, ಇಲ್ಲ ಅಂತಲೇ ಬಂತು. ವೆಬ್‌ಸೈಟ್ ನಿಲ್ಲಲಿಲ್ಲ. ಅಂದರೆ ಸರಿಯಾಗಿದೆ ಅಂತ. ಸಾಕು ಬಿಡು ಅಂತ ಯಾರೋ ಹೆಗಲು ಹಿಡಿಯುವವರೆಗೂ ನಾನೂ ನಿಲ್ಲಿಸಲಿಲ್ಲ.

ಸಿಕ್ತು ಮಗಳೇ. ಅಪ್ಪ ಹೇಳ್ತಿದ್ದ ಹಾಗೆ, ಅದು ಇದ್ದೇ ಇತ್ತು.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಸ್ವಲ್ಪ ಹೊತ್ತು ಯಾರೂ ಏನೂ ಮಾತಾಡುವುದು ಬೇಡ.