ಕಾಲೋನಿ ದಾರಿ ಕೇಳಿದಾಕಿ

ಆ ಬಾಗಲಾ ಸ್ವಲ್ಪ ಮುಂದ ಮಾಡ್ರಿ... ಹಾಂ, ಸಾಕು. ನಮ್ಮ ಬಾಜೂ ಮನಿ ಚಂದಮ್ಮ ಅದಾಳಲ್ಲ, ಆಕಿ ಗಂಡ ಅಯ್ಯಪ್ಪಗ ಆಗಿದ್ದಿದು. ಕತಿ ಅಲ್ಲ.

ಅಯ್ಯಪ್ಪ ಜೆಸಿಬಿ ಡ್ರೈವರ್. ಶಹಾಬಾದ ದಾಟಿ, ವಾಡಿ ಕಡಿ ಹೋಗುವಾಗ ಬಂದ್ ಬಿದ್ದ ಫ್ಯಾಕ್ಟರಿದು ಒಂದು ಕಾಲೋನಿ ಇತ್ತು. ಅಜ್ಜಗೋಳ ಕಾಲಕ್ಕ ಅದೇ ಒಂದು ಸಣ್ಣ ಪಟ್ಟಣ. ತೆಲುಗರು, ಮರಾಠಿಗರು, ನಮ್ಮೋರು ಎಲ್ಲಾರೂ ಅಲ್ಲೇ. ಫ್ಯಾಕ್ಟರಿ ಸೈರನ್, ಅದೇ ಭೋಂಗಾ ಕೂಗಿದ್ರ ಏಳೋದು, ಭೋಂಗಾ ಕೂಗಿದ್ರ ಒಲಿ ಹಚ್ಚೋದು. ಟಾಕೀಜ್ ಇತ್ತು, ಎತ್ತರದ ನೀರಿನ ಟಾಕಿ ಇತ್ತು, ದವಾಖಾನಿ ಇತ್ತು. ಫ್ಯಾಕ್ಟರಿ ನಿಂತ ಮ್ಯಾಲ ಮೊದಲ ಮಶಿನ್ ಗುಜರಿಗಿ ಹೋದ್ವು. ಆಮ್ಯಾಲ ಮಂದಿ ಹೋದ್ರು. ಉಳಿದಿದ್ದು ಕೆಡವಿ ಪ್ಲಾಟ್ ಹಾಕಬೇಕಂತ ಯಾರೋ ಜಾಗಾ ತೊಗೊಂಡ್ರು. ಕೆಡವಲಿಕ್ಕ ಬಂದಾಂವ ಅಯ್ಯಪ್ಪ. ಹೊಟ್ಟಿಪಾಡು... ಏನ್ ಮಾಡ್ತಾನ? ಅಂವ ಹುಟ್ಟಿದ್ದು ಆ ದವಾಖಾನ್ಯಾಗೇ. ಅದನ್ನೂ ಅಂವನೇ ಕೆಡವಿದ.

ಕಡೀಕ ಉಳಿದದ್ದು ಒಂದು ಬಾವಿ, ಬಾವಿ ಮ್ಯಾಲ ಬಗ್ಗಿದ ಆಲದ ಗಿಡ.

ಒಂದಿನ ಕೆಲಸ ಮುಗಿಸೋದು ಭಾಳ ತಡ ಆತು. ರಾತ್ರಿ ಒಬ್ಬನೇ ನಡಕೋತ ಮನಿಗಿ ಹೊಂಟಿದ್ದ. ಗಿಡದ ಹಂತ್ಯಾಕ ಬಂದ... ಕಿರ್ರ್... ಕಿರ್ರ್... ರಾಟಿ ಸಪ್ಪಳ. ಬಾವಿಗಿ ರಾಟಿ ಇಲ್ಲ. ಯಾವಾಗೋ ಕಿತ್ತು ಮಾರ್ಯಾರ.

ಅಯ್ಯಪ್ಪ ನಿಂತ. ಸಪ್ಪಳನೂ ನಿಂತಿತು.

ಹಿಂದಿಂದ ಬುಳ್... ಬುಳ್... ತುಂಬಿದ ಕೊಡ ತುಳುಕಿದಂಗ.

"ಅಣ್ಣಾ..." ಪಿಸುಮಾತು. ಹೆಣ್ಮಗಳ ದನಿ. "ಟಾಕೀಜ್ ಎಲ್ಲಿ ಬರ್ತದ?"

"ಕೆಡವ್ಯಾರವ್ವಾ."

"ನೀರಿನ ಟಾಕಿ?"

"ಅದೂ ಕೆಡವ್ಯಾರ."

ಸೀರಿ ಅಂಚಿಂದ ನೀರು ಬೀಳೋ ಸಪ್ಪಳ... ಟಪ್... ಟಪ್...

"ಹಂಗಾರ ನಾ ಮನಿಗಿ ಹ್ಯಾಂಗ ಹೋಗ್ಲಿ? ಟಾಕೀಜ್ ದಾಟಿ, ಟಾಕಿ ಬಲಕ್ಕ ಬಿಟ್ಟು, ಎರಡನೇ ಲೈನು. ಬಾಗಲಾಗ ಕರಿಬೇವಿನ ಗಿಡ. ಒಳಗ ಕೂಸು ಮಲಗ್ಯಾದಣ್ಣಾ..."

ಎರಡನೇ ಲೈನಿನ ಮನಿ ಎಲ್ಲಾ ಅಯ್ಯಪ್ಪನೇ ಹೋದ ವಾರ ಕೆಡವಿದ್ದ. ಕರಿಬೇವಿನ ಗಿಡ ಬೇರು ಸಮೇತ ಜೆಸಿಬಿ ಬಕೆಟ್ನ್ಯಾಗ ಎತ್ತಿದ್ದ. ಘಮ ಇನ್ನೂ ಮೂಗಿನಾಗ ಇತ್ತು.

"ನನಗ ಗೊತ್ತಿಲ್ಲವ್ವಾ," ಅಂದ. ಓಡಿದ.

ಮನಿಗಿ ಬಂದು ಚಂದಮ್ಮಗ ಸಣ್ಣ ದನಿಲೇ ಎಲ್ಲಾ ಹೇಳಿದ. ಚಂದಮ್ಮ ಲೈಟ್ ಹಚ್ಚಿ ಕುಂತಳು.

"ನಮ್ಮವ್ವ ಹೇಳ್ತಿದ್ದಳ್ರಿ," ಅಂದಳು. "ಯಾರೋ ಒಬ್ಬಾಕಿ ರಾತ್ರಿ ನೀರಿಗಿ ಹೋದಾಕಿ ತಿರುಗಿ ಬರಲಿಲ್ಲಂತ. ಬಾವಿ ತುಂಬ ಹುಡುಕಿದ್ರಂತ. ಹೆಣ ಸಿಗಲಿಲ್ಲಂತ."

"ಕೂಸು?"

"ಯಾರಿಗಿ ಗೊತ್ತು? ನಾಳಿಂದ ಬ್ಯಾರೆ ದಾರಿ ಹಿಡದು ಬರ್ರಿ. ಆ ಕಡಿ ಮಾರಿ ಮಾಡಬ್ಯಾಡ್ರಿ."

ಅಂವಗ ನಿದ್ದಿ ಹತ್ತಲಿಲ್ಲ. ಕೆಡವಿದಾಂವ ನಾನೇ, ಗೊತ್ತಿಲ್ಲ ಅಂತ ಸುಳ್ಳ ಹೇಳಿದಾಂವನೂ ನಾನೇ... ಇದೇ ಮಾತು ಎದಿಯಾಗ ಕುಟ್ಟಾಕತ್ತಿತ್ತು. ಜಾಗಾನರ ತೋರಿಸಿ ಕೈ ಮುಗದು ಬರಬೇಕಂತ ಮರುದಿನ ರಾತ್ರಿ ಅದೇ ದಾರಿ ಹಿಡದ. ಚಂದಮ್ಮಗ ಹೇಳಲಿಲ್ಲ.

ಕಿರ್ರ್... ಕಿರ್ರ್...

"ಬಾ ಅವ್ವಾ," ಅಂದ. "ತೋರಸ್ತೀನಿ."

ಹಿಂದ ತಿರುಗಿ ನೋಡಲಿಲ್ಲ. ಮುಂದ ಅಂವ, ಹಿಂದ ಬುಳ್... ಬುಳ್... ಇಟ್ಟಂಗಿ ಚೂರು ಕಾಲಾಗ ಕರಕರ ಅಂದ್ವು. ಅವು ಅಂವನ ಕಾಲಾಗ ಅಷ್ಟೇ ಅಂದ್ವು. ಸಪಾಟ ಬಯಲಿನಾಗ ಒಂದು ಕಡಿ ನಿಂತ.

"ಇದೇ."

"ಬಾಗಲಾ ಎಲ್ಲದ?"

"ಇಲ್ಲವ್ವಾ. ನಾನೇ ಕೆಡವೀನಿ. ತಪ್ಪಾತು."

ಆಕಿ ಅಳಲಿಲ್ಲ. ಬೈಯಲಿಲ್ಲ. ಕೊಡ ನೆಲಕ್ಕ ಇಟ್ಟ ಸಪ್ಪಳ... ಠಣ್. ಆಮ್ಯಾಲ ಕಿವಿ ಹಂತ್ಯಾಕೇ ಬಂದು ಕೇಳಿದಳು.

"ನಿನ್ನ ಮನಿ ಎಲ್ಲದಣ್ಣಾ?"

ಅಯ್ಯಪ್ಪ ಬಾಯಿ ತಗದ... ನೆನಪಾಗಲಿಲ್ಲ. ಓಣಿ ಯಾವುದು, ಬರಲಿಲ್ಲ. ಬಾಗಲದ ಬಣ್ಣ ಬರಲಿಲ್ಲ. ಚಂದಮ್ಮನ ಮಾರಿ ಕಣ್ಣಿಗಿ ಬಂತು, ಆದ್ರ ಆಕಿ ಎಲ್ಲಿ ನಿಂತಾಳ ಅನ್ನೋದು ಬರಲಿಲ್ಲ.

ಮುಂಜಾನಿ ಜೈಭೀಮ ಬಂದ. ಅಂವನೂ ಅಲ್ಲೇ ಜೆಸಿಬಿ ಹೊಡೆಯಾಂವ. ನೋಡ್ತಾನ, ಅಯ್ಯಪ್ಪ ಅದೇ ಬಯಲಿನಾಗ ನಿಂತಾನ. ಗಾಡಿ ಮ್ಯಾಲ ಕೂಡಿಸಿಕೊಂಡು ಮನಿಗಿ ಕರಕೊಂಡು ಬಂದ. ಚಂದಮ್ಮ ಬಾಗಲಿಗಿ ಓಡಿ ಬಂದಳು. ಅಯ್ಯಪ್ಪ ಹೊಸ್ತಿಲ ಹೊರಗೇ ನಿಂತ.

"ಚಂದಮ್ಮಾ, ನೀ ಇವರ ಮನ್ಯಾಗ ಯಾಕ ಕುಂತಿ? ನಡಿ, ನಮ್ಮ ಮನಿಗಿ ಹೋಗಮಿ."

"ಇದೇ ನಮ್ಮ ಮನಿ ರೀ!"

"ಅಲ್ಲ," ಅಂದ. ಸಾವಕಾಶ ಅಂದ, ಸಣ್ಣ ಕೂಸಿಗಿ ತಿಳಿಸಿ ಹೇಳಿದಂಗ.

ಕಲಬುರಗಿ ಡಾಕ್ಟರಿಗಿ ತೋರಿಸಿದ್ರು. ನಾಲವಾರ ಮಠಕ್ಕ ಹೋಗಿ ಬಂದ್ರು. ಏನೂ ಆಗಲಿಲ್ಲ. ದೀಪ ಹಚ್ಚೋ ಹೊತ್ತಾತು ಅಂದ್ರ ಏಳಾಂವ. "ನಡಿ, ಹೊತ್ತಾತು." ಪಾಪ ಚಂದಮ್ಮ ಕೈ ಹಿಡದು ಓಣಿ ಒಂದು ಸುತ್ತು ಹಾಕಿಸಿ ಅದೇ ಬಾಗಲಿಗಿ ತರಾಕಿ. "ಬಂತು ನೋಡ್ರಿ, ನಮ್ಮ ಮನಿ." ಮೊದಮೊದಲ ನಂಬಿ ಒಳಗ ಬಂದು ಊಟ ಮಾಡಾಂವ. ಬರಬರ್ತಾ ಅದನ್ನೂ ಬಿಟ್ಟ. ಹೊಸ್ತಿಲ ಹೊರಗೇ ಮಲಗಾಂವ, ಪರರ ಮನಿ ಅಂತ.

ಒಂದು ರಾತ್ರಿ ಚಂದಮ್ಮಗ ಸಾಕಾಗಿ ಕಣ್ಣು ಹತ್ತಿತು. ಎದ್ದು ನೋಡಿದ್ರ ಹೊಸ್ತಿಲ ಹೊರಗಿನ ಹಾಸಿಗಿ ಖಾಲಿ.

ಬಾವಿಗಿ ಇಳದು ನೋಡಿದ್ರು. ಫರಸಿ ಕಲ್ಲಿನ ಖಣಿ ಹೊಂಡ ನೋಡಿದ್ರು. ರೈಲು ಪಟ್ರಿ ಹಿಡದು ಚಿತ್ತಾಪುರ ತನಕ ಹೋದ್ರು. ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಚಂದಮ್ಮ ಕುಂಕುಮ ಹಚ್ಚಬೇಕೋ ಅಳಿಸಬೇಕೋ ತಿಳೀದೆ ಕುಂತಾಳ.

ಈಗ ಪ್ಲಾಟ್ ಎಲ್ಲಾ ಮಾರ್ಯಾವ. ಎರಡನೇ ಲೈನು ಇದ್ದ ಕಡಿ ಯಾರೋ ಮನಿ ಕಟ್ಟಸಾಕತ್ತಾರ. ಬುನಾದಿ ತಗದಾಂವ ಜೈಭೀಮ. ಸೊಂಟದಷ್ಟು ಅಗದ ಮ್ಯಾಲ ಕೆಳಗ ಒಂದು ಫರಸಿ ನೆಲ ಹತ್ತಿತು. ಅಷ್ಟು ಆಳದಾಗ ಯಾರೂ ಎಂದೂ ಮನಿ ಕಟ್ಟಿದ್ದಿಲ್ಲ. ನೆಲದ ಮ್ಯಾಲ ಮಣ್ಣಿನ ಕಣ ಇಲ್ಲ. ಕಸ ಹೊಡದು, ಒರೆಸಿದಂಗ ಇತ್ತು. ಒಂದು ಮೂಲಿ ಇನ್ನೂ ಹಸಿ ಇತ್ತು, ತುಂಬಿದ ಕೊಡ ಈಗಷ್ಟೇ ಇಟ್ಟು ಎತ್ತಿದಂಗ ಗುಂಡಗ.

ಜೈಭೀಮ ಕೈಲೇ ಮುಟ್ಟ್ಯಾನ. ಅದಾನಲ್ಲ, ಇಲ್ಲೇ ಸ್ಟೇಷನ್ ಹಿಂದಿನ ಓಣ್ಯಾಗ... ಹೋಗಿ ಕೇಳ್ರಿ.