ಊರಿಗೊಂದು ಗುಟುಕು

ಮದ್ಯದಂಗಡಿಯ ಸಾಲಿನಲ್ಲಿ ದರ್ಜಿಯ ಮುಂದೆ ಒಬ್ಬ ಅಕ್ಕ, ಅವಳ ತಮ್ಮ ನಿಂತಿದ್ದರು. ಸಂಜೆಬಿಸಿಲು ಬಾಟಲಿಗಳೊಳಗೆ ಜೇನಿನ ಹಾಗೆ ತೂಕಡಿಸುತ್ತಿತ್ತು. ಬೇಡವೆಂದರೂ ದರ್ಜಿಯ ಕಿವಿ ಅತ್ತಲೇ ಹೋಯಿತು.

“ಅಕ್ಕಾ, ಈ ಊರಿನ ಬಿಯರ್ ಈಗ ಸಿಗಲ್ವಂತೆ. ಮಾಡ್ತಿದ್ದವರು ಬಾಗಿಲು ಹಾಕಿದ್ರಂತೆ.”

“ಅಯ್ಯೋ, ನಿಮ್ಮ ಭಾವ ಕಾರಲ್ಲಿ ಕಾಯ್ತಾ ಇದ್ದಾರಲ್ಲೋ! ಆ ಒಂದು ಗುಟುಕಲ್ಲೇ ತಾನೇ ಅವರು ಊರು ನೋಡೋದು?”

“ನಿನ್ನೆ ಹೋಗಿದ್ದ ಊರಿನದೇ ಇನ್ನೊಂದು ಬಾಟ್ಲಿ ಕೊಡೋಣ. ಕಣ್ಣಿಲ್ಲದವರಿಗೆ ಏನು ಗೊತ್ತಾಗುತ್ತೆ?”

“ಕಣ್ಣಿಗೆ ಮಣ್ಣೆರಚಬಹುದು ಕಣೋ, ಅವರ ನಾಲಿಗೆಗೆ ಆಗಲ್ಲ. ನಿನ್ನೆ ಬಾಯಿಗೆ ಇಟ್ಟ ತಕ್ಷಣ, ಇಲ್ಲಿ ಹೊಳೆ ಇದೆ, ಮನೆಗಳಿಗೆಲ್ಲ ಹಳದಿ ಬಣ್ಣ ಅಂದ್ರು.”

“ಹೊಳೆಯೇನೋ ಇತ್ತು. ಹಳದಿ ಎಲ್ಲಿತ್ತು? ಎಲ್ಲಾ ಬೂದು!”

“ನಾನು ಹೂಂ ಅಂದೆ. ಆಮೇಲೆ ನಂಗೂ ಹಳದಿಯಾಗೇ ಕಾಣ್ತು.”

ತಮ್ಮ ತಲೆ ಕೆರೆದುಕೊಂಡ.

“ಮತ್ತೆ ಈ ಊರಿನ ಬಗ್ಗೆ ಭಾವಂಗೆ ಏನು ಹೇಳೋದು?”

“ಊರು ಇನ್ನೂ ಬಂದಿಲ್ಲ ಅನ್ನೋಣ. ನಡಿ, ಗಾಡಿ ತೆಗಿ.”

ಇಬ್ಬರೂ ಬರಿಗೈಲಿ ಹೊರಟರು.

ದರ್ಜಿ ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಿ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅವನು ಬೀದಿಯ ಕಡೆಗೊಮ್ಮೆ ನೋಡಿದ. ಊರು ಇನ್ನೂ ಬರಬೇಕಾಗಿದೆ ಎಂದು ಅವನಿಗೂ ಅನ್ನಿಸಿತು.