ಸುಂದರಾಬಾಯಿಯವರ ತಿಥಿ

ಯಾಕ್ರಲೇ, ಆಗಿಂದ ಕರ್ಯಾಕತ್ತೀನಿ, ಓ ಅನ್ನಾಕ ಬಾಯಿಗೇನ ಹೊಲಿಗಿ ಹಾಕ್ಯಾರ? ಕತ್ತಲಾದಮ್ಯಾಲೆ ಹೊರಗಿಂದ ಕರದ್ರ ಮೂರನೇ ಕೂಗಿನ ತನಕ ಓ ಅನಬಾರದು ಅಂತಾರ ಊರ ಮಂದಿ. ಅದು ಊರ ಮಂದಿ ಮಾತು. ನಮ್ಮ ಮನ್ಯಾಗ ಮೊದಲನೇ ಕೂಗಿಗೇ ಅನ್ನಬೇಕು. ಯಾಕ ಅಂದ್ರ... ಕುಂಡ್ರಿ ಇಲ್ಲೆ. ದೀಪ ಸಣ್ಣ ಮಾಡಬ್ಯಾಡ್ರಿ.

ನಾಡು ಒಂದಾದ ವರ್ಷದ್ದು ಇದು, ಐವತ್ತಾರರದ್ದು. ಡಂಬಳದಾಗ ನಮ್ಮ ಮನಿ ಮಗ್ಗಲಕ್ಕ ಜಯತೀರ್ಥ ಮಾಸ್ತರು ಇದ್ರು. ಭಾಳ ಸಂಭಾವಿತ ಮನಶ್ಯಾ. ಎರಡು ಕೂಸು ಹುಟ್ಟಿ, ಹನ್ನೊಂದು ದಿನ ತುಂಬೂದರಾಗ ಹೋಗಿದ್ವು. ಹೆಂಡ್ತಿ ಭಾಗೀರಥಿಬಾಯಿ ಮತ್ತ ಬಸರಿ. ಜೋಯಿಸರು ಹೇಳಿದ್ರು, "ನಿಮ್ಮ ತಾಯಿ ಶ್ರಾದ್ಧ ಖರೇ ತಿಥಿಗೆ ಆಗಿಲ್ಲ. ಅವರು ಹಸದಾರ."

ತಿಥಿ ಯಾರಿಗೆ ಗೊತ್ತಿತ್ತು? ತಾಯಿ ಸುಂದರಾಬಾಯಿ ಹದಿನೆಂಟರ ದೊಡ್ಡ ಜ್ವರದಾಗ ಸತ್ತಾಕಿ. ಮಾಸ್ತರು ಆಗ ಮೊಲಿ ಕುಡಿಯೂ ಕೂಸು, ಸೋದರಮಾವ ಮೊದಲ ಮುಂಡರಗಿಗೆ ಒಯ್ದಿದ್ದ. ಆದ್ರ ಹಳೇ ಕುಲಕರ್ಣಿ ಮನಿ ಅಟ್ಟದ ಮ್ಯಾಲೆ ಸತ್ತವರ ದಫ್ತರ ಇತ್ತು. ಮಾಸ್ತರು, ನಾನು ಎರಡು ದಿನ ಧೂಳ ಜಾಡಿಸಿ ಹುಡುಕಿದ್ವಿ. ಸಿಕ್ತು. ಒಂದ ತಾರೀಖಿಗೆ ಹದಿನೇಳು ಹೆಸರು. ಹನ್ನೆರಡನೇದು ಸುಂದರಾಬಾಯಿ. ಪಂಚಾಂಗ ತಗದ್ರ ಆಶ್ವೀಜ ಬಹುಳ ಷಷ್ಠಿ. ಮಾಸ್ತರು ಆ ಹೆಸರಿನ ಮ್ಯಾಲೆ ಬಟ್ಟ ಇಟ್ಟು ಅತ್ತುಬಿಟ್ರು.

ಖಬರ ಕೊಟ್ಟಾಂವ ವಾಲೀಕಾರ ಸಕ್ರಪ್ಪ ಅಂತ ಮಗ್ಗಲಕ್ಕ ಬರದಿತ್ತು. ಸಕ್ರಪ್ಪ ಅಂದ್ರ ನಮ್ಮಪ್ಪ. ಊರಾಗ ಹುಟ್ಟಿದ್ದು ಸತ್ತದ್ದು ಕುಲಕರ್ಣಿಗೆ ಹೋಗಿ ಹೇಳೂದು ಅವನ ಚಾಕರಿ.

ಎರಡು ದಿನಕ್ಕ ಅದ ಷಷ್ಠಿ ಬಂತು. ಶ್ರಾದ್ಧ ಆತು. ಪಿಂಡ ಇಟ್ರು... ಒಂದು ಕಾಗಿ ಮುಟ್ಟಲಿಲ್ಲ. ಮಾಳಗಿ ಮ್ಯಾಲೆ ಸಾಲಾಗಿ ಕುಂತು ನೋಡತಿದ್ವು, ಅಷ್ಟ.

ದೀಪ ಹಚ್ಚೂ ಹೊತ್ತಿಗೆ ಮಾಸ್ತರು ನಮ್ಮ ಮನಿಗೆ ಬಂದ್ರು. ಕಣ್ಣು ಕೆಂಪಗಾಗಿದ್ವು.

"ಸಕ್ರಪ್ಪಾ, ನಮ್ಮವ್ವ ಸತ್ತದ್ದು ನೀ ಕಣ್ಣಾರೆ ನೋಡಿದ್ದೇನು?"

ಅಪ್ಪ ಪಿಸುಗುಟ್ಟಿದ. "ಇಲ್ರಿ... ಜ್ವರದ ಮನಿ ಒಳಗ ಹೋಗಾಕ ಅಂಜಿಕಿ. ಓಣ್ಯಾಗ ನಿಂತು ಮೂರು ಸರತಿ ಕರೀತಿದ್ದೆ. ಓ ಅನ್ನಲಿಲ್ಲ ಅಂದ್ರ... ಸತ್ತಾರಂತ ಬರಸತಿದ್ದೆ."

"ನಡಿ. ಹಂಗ ಕರಿ. ಒಳಗ ಕೇಳಸ್ತದೋ ಇಲ್ಲೋ ನಾ ನೋಡಬೇಕು. ಅಂದಪ್ಪಾ, ಕಂದೀಲು ತಗೋ," ಅಂದ್ರು ಮಾಸ್ತರು ನನಗ.

ಮೂರೂ ಮಂದಿ ಹೋದ್ವಿ. ಆಲದ ಗಿಡ, ಅದರ ಬುಡಕ ಹಾಳಬಾವಿ, ಬಾವಿ ಆಚೆ ಸುಂದರಾಬಾಯಿ ಸತ್ತ ಮನಿ... ಅವತ್ತಿನಿಂದ ಯಾರೂ ಇರಲಾರದ ಮನಿ. ನನ್ನ ಕೈಯಾಗ ಕಂದೀಲಿನ ಹಿಡಿಕಿ ಕಿರ್... ಕಿರ್... ಅನ್ನತಿತ್ತು. ಅಪ್ಪ ಓಣ್ಯಾಗ ನಿಂತ. ಮಾಸ್ತರು ಬಾಗಲಕ್ಕ ಹೋಗಿ ಚಿಲಕಕ್ಕ ಕೈ ಹಚ್ಚಿದ್ರು.

"ಸುಂದರಾಬಾಯಾರ..." ಏನಿಲ್ಲ.

"ಸುಂದರಾಬಾಯಾರ..." ಏನಿಲ್ಲ.

ಮೂರನೇ ಸರತಿ ಕರದ ಕೂಡ್ಲೆ, ಒಳಗಿಂದ...

"ಓ..."

ಒಣಗಿದ ಗಂಟಲದ್ದು. ನೆಲದ ಮ್ಯಾಲೆ ಮಲಗಿದವರು ಅಂದಂಗ, ಕೆಳಗಿಂದ ಬಂತು. ಅದರ ಹಿಂದ ಬಾಗಲ ಹಲಗಿಗೆ ಉಗುರು ಕೆರದ ಸಪ್ಪಳ. ಪರ್... ಪರ್...

ಮಾಸ್ತರು ಚಿಲಕ ಜಗ್ಗಿ ಒಳಗ ಓಡಿದ್ರು. ನಾನೂ ಕಂದೀಲು ಹಿಡದು ಹೋದೆ. ಬರೇ ಧೂಳು. ಒಂದು ಹೆಜ್ಜಿ ಗುರತಿಲ್ಲ.

"ಸಕ್ರಪ್ಪಾ... ಅವತ್ತ ಚಿಲಕ ಹೊರಗಿಂದ ಹಾಕಿತ್ತೇನು?"

ಅಪ್ಪ ಓಣ್ಯಾಗಿಂದನ ಅಂದ. "ನಾನ ಹಾಕಿದ್ದೆರಿ... ನಾಯಿ ಹೊಕ್ಕಾವು ಅಂತ. ಹೆಣಾ ಹೊರಾಕ ಮಂದಿ ಬರೂತನಕ ಆರು ದಿನ ಆತು."

ಸಪ್ತಮಿಗೂ ಅಪ್ಪ ಹೋಗಿ ಕರದ. ಓ ಅಂತು. ಅಷ್ಟಮಿ, ನವಮಿ... ದಿನಾ ಸಣ್ಣಗಾಕ್ಕೋತ ಬಂತು. ದಶಮಿ ದಿನ ಅಪ್ಪ ಮೂರಲ್ಲ, ಮೂವತ್ತು ಸರತಿ ಕರದ. ಅಳಕೋತ ಕರದ. ಬಾವ್ಯಾಗ ಕಪ್ಪಿ ಒದರತಿದ್ವು, ಮತ್ತೇನೂ ಇಲ್ಲ.

ಮಾಸ್ತರು ಅವನ ಹೆಗಲ ಮ್ಯಾಲೆ ಕೈ ಇಟ್ರು. "ಸಾಕು ಸಕ್ರಪ್ಪ. ತಿಥಿ ಸಿಕ್ತು."

ಅದ ವಾರ ನಾಡು ಒಂದಾತು, ಶಾಲ್ಯಾಗ ಪೇಡೆ ಹಂಚಿದ್ರು. ಮಾಸ್ತರು ಒಂದೂ ತಿನ್ನಲಿಲ್ಲ. ಮುಂದಿನ ತಿಂಗಳ ಬಹುಳ ದಶಮಿಗೆ ಪಿಂಡ ಇಟ್ಟು ಹಿಂದ ಸರಿಯೂದರಾಗ ಕಾಗಿ ಇಳದ್ವು. ಕೂಸು ಬದಕಿತು. ಗದಗಿನ ಶಾಲ್ಯಾಗ ಕಲಸತಾಳಲ್ಲ ತಾರಾಬಾಯಿ, ಅಕಿನ ಅದು.

ಕತಿ ಅಲ್ಲಿಗೇ ಮುಗದಿದ್ರ ಭಾಳ ಛಲೋ ಆಗತಿತ್ತು.

ಮೂರು ವರ್ಷಕ್ಕ ಅಪ್ಪ ಜ್ವರ ಬಂದು ಮಲಗಿದ. ಒಂದಿನ ಸಂಜಿಮುಂದ ಓಣಿ ಕಡೆ ಮಾರಿ ಮಾಡಿ "ಓ..." ಅಂದ. ಯಾರು ಕರದ್ರಪಾ ಅಂತ ನಾ ಹೊರಗ ಇಣಕಿದ್ರ, ಯಾರೂ ಇಲ್ಲ. ಮರದಿನಾನೂ ಅಂದ. ನಾಕು ದಿನ ಅಂದ, ದಿನಾ ಸಣ್ಣಗ. ನಾ ಮಗ್ಗಲದಾಗ ಕುಂತಿದ್ದೆ. ಸುಳ್ಳ ಹೇಳಿದ್ರ ನನ್ನ ನಾಲಗಿ ಸೇದಿ ಹೋಗಲಿ.

ಐದನೇ ದಿನ ಅನ್ನಲಿಲ್ಲ.

ಮಂದಿ ಕರ್ಯಾಕ ಅಂತ ಎದ್ದು ಬಾಗಲ ಜಗ್ಗಿದೆ. ಬರಲಿಲ್ಲ. ಹೊರಗಿಂದ ಚಿಲಕ ಹಾಕಿತ್ತು. ಎದುರುಮನಿ ಗುರುಸಿದ್ದವ್ವ ಬಂದು ತಗದ್ಲು. ಅಕಿ ಇನ್ನೂ ಅದಾಳ, ಬೇಕಾದ್ರ ಹೋಗಿ ಕೇಳ್ರಿ.